ಮೆದು ಕಲ್ಲಿಗೆ ಹೊಳಪು ಬರಿಸುವುದು ಹೇಗೆ?

ಪ್ರಶ್ನೆ: ಗಲ್ಫ್‌ನಲ್ಲಿರುವ ನನ್ನ ಅಣ್ಣ ರಜೆಯಲ್ಲಿ ಬಂದಾಗ ನನ್ನ ಮಗಳಿಗೆ ಸಣ್ಣದೊಂದು ರಾಕ್ ಟಂಬ್ಲರ್ (ಕಲ್ಲುಗಳನ್ನು ಪುಡಿ, ನೀರಿನ ಜೊತೆ ಬ್ಯಾರೆಲ್‌ನಲ್ಲಿ ತಿರುಗಿಸಿ ಹೊಳಪು ಬರಿಸುವ ಮೆಷಿನ್) ತಂದುಕೊಟ್ಟಿದ್ದಾರೆ. ಹೊಳೆಬದಿಯಲ್ಲಿ ಹೆಕ್ಕಿದ ಬಿಳಿ ಬೆಣಚುಕಲ್ಲುಗಳನ್ನು ಅದರ ಜೊತೆಗೆ ಬಂದ ಪುಸ್ತಿಕೆಯಲ್ಲಿ ಹೇಳಿದ ಹಾಗೆ ತಿರುಗಿಸಿದೆವು, ಚೆನ್ನಾಗಿ ಹೊಳೆದವು. ಆಮೇಲೆ ಮನೆ ಕಟ್ಟಿದಾಗ ಉಳಿದ ಮಾರ್ಬಲ್ ತುಂಡು, ಕಡಪ ಕಲ್ಲಿನ ಚೂರು, ಅಜ್ಜಿಯ ಕಾಲದ ಒಡೆದ ಕಲ್ಲಿನ ಮರಿಗೆಯ ತುಂಡುಗಳನ್ನು ಹಾಕಿದೆವು. ಮಾರ್ಬಲ್ ಸುಣ್ಣ ಬಳಿದ ಹಾಗೆ ಮಂಕಾಯಿತು, ಕಡಪ ಬೂದಿಬಣ್ಣಕ್ಕೆ ತಿರುಗಿತು, ಮರಿಗೆಯ ತುಂಡುಗಳು ಅರ್ಧಕ್ಕರ್ಧ ಸವೆದೇ ಹೋದವು. ಮೆದು ಕಲ್ಲಿಗೆ ಈ ಮೆಷಿನ್‌ನಲ್ಲಿ ಹೊಳಪು ಬರುವುದೇ ಇಲ್ಲವೇ?
— ಓದುಗರು, ಕಡಬ ತಾಲೂಕು

ಉತ್ತರ: ಬರುತ್ತದೆ. ನಿಮ್ಮ ಮೆಷಿನ್ ಸರಿಯಾಗಿಯೇ ಇದೆ. ಆದರೆ ಪುಸ್ತಿಕೆಯಲ್ಲಿರುವ ಕ್ರಮ ಬೆಣಚುಕಲ್ಲಿನಂಥ ಗಟ್ಟಿ ಜಾತಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಗಟ್ಟಿ ಕಲ್ಲಿಗೆ ಹೊಂದುವ ಒರಟು ಪುಡಿ, ಅಷ್ಟೂ ದಿನಗಳ ಓಟ, ಒಳಗೆ ಬೀಳುವ ಪೆಟ್ಟು ಇವೆಲ್ಲ ಮೆದು ಕಲ್ಲಿಗೆ ಅತಿಯಾಗುತ್ತವೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಮೆದು ಕಲ್ಲು ಹೊಳೆಯಬೇಕಾದರೆ ಅದು ಬ್ಯಾರೆಲ್‌ನೊಳಗೆ ಬೀಳಬಾರದು, ಜಾರಬೇಕು. ಮುಂದೆ ಹೇಳುವ ಎಲ್ಲ ಉಪಾಯಗಳ ಉದ್ದೇಶ ಇದೊಂದೇ.

ನೀವು ಹಾಕಿದ ಮೂರು ಕಲ್ಲುಗಳಲ್ಲಿ ಎರಡಕ್ಕೆ ಟಂಬ್ಲರ್ ಒಗ್ಗುತ್ತದೆ, ಒಂದಕ್ಕೆ ಒಗ್ಗುವುದಿಲ್ಲ. ಯಾವುದು, ಯಾಕೆ ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಕಲ್ಲಿನ ಜಾತಿ

ಖನಿಜಗಳ ಗಡಸುತನ ಅಳೆಯಲು ಇಂದಿಗೂ ಬಳಕೆಯಲ್ಲಿರುವುದು ಜರ್ಮನ್ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಹತ್ತು ಮೆಟ್ಟಿಲಿನ ಪಟ್ಟಿ. ಯಾವ ಕಲ್ಲು ಯಾವುದರ ಮೇಲೆ ಗೀರು ಹಾಕುತ್ತದೆ ಎನ್ನುವುದೇ ಅದರ ಲೆಕ್ಕ. ಬಳಪದ ಕಲ್ಲಿನಲ್ಲಿರುವ ಟಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಫೆಲ್ಡ್‌ಸ್ಪಾರ್ 6, ಬೆಣಚುಕಲ್ಲು 7, ಟೋಪಾಜ್ 8, ಕುರುಂದ 9, ವಜ್ರ 10. ಟಂಬ್ಲರ್ ಇಟ್ಟುಕೊಂಡವರ ಲೆಕ್ಕದಲ್ಲಿ 5ಕ್ಕಿಂತ ಕೆಳಗಿನದೆಲ್ಲ ಮೆದು ಕಲ್ಲೇ. ಮಾರ್ಬಲ್ ಎಂದರೆ ಹೆಚ್ಚುಕಡಿಮೆ ಬರೀ ಕ್ಯಾಲ್ಸೈಟ್. ಕಡಪ ಕಲ್ಲು ಕಪ್ಪು ಬಣ್ಣದ ಸುಣ್ಣಕಲ್ಲು. ಎರಡೂ 3ರ ಆಚೀಚೆ ನಿಲ್ಲುತ್ತವೆ. ಮರಿಗೆಯ ಕಲ್ಲು ಅದಕ್ಕಿಂತಲೂ ಕೆಳಗೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಉಗುರಿನಲ್ಲಿ ಗೀಚಿದರೆ ಗೆರೆ ಬೀಳುವ ಕಲ್ಲು ಎರಡೂವರೆಗಿಂತ ಕೆಳಗಿನದು. ಉಗುರಿಗೆ ಬಗ್ಗದೆ ಪೇನಾಕತ್ತಿಗೆ ಸುಲಭವಾಗಿ ಗೀರು ಬಿದ್ದರೆ 3ರಿಂದ 5ರೊಳಗಿನದು. ಕತ್ತಿಗೂ ಬಗ್ಗದೆ ಕನ್ನಡಿಚೂರಿನ ಮೇಲೆ ತಾನೇ ಗೀರು ಹಾಕಿದರೆ ಅದು ಗಟ್ಟಿ ಜಾತಿ. ಸುಣ್ಣದ ಅಂಶ ಇದೆಯೇ ಎಂದು ತಿಳಿಯಲು ಕಲ್ಲನ್ನು ಕತ್ತಿಯಲ್ಲಿ ಸ್ವಲ್ಪ ಕೆರೆದು, ಆ ಪುಡಿಯ ಮೇಲೆ ಎರಡು ಹನಿ ನಿಂಬೆರಸ ಹಿಂಡಿ. ಸಣ್ಣಗೆ ನೊರೆ ಎದ್ದರೆ ಕ್ಯಾಲ್ಸೈಟ್ ಇದೆ ಎಂದೇ ಅರ್ಥ. ಅಡುಗೆಮನೆಯ ಕಡಪ ಕಟ್ಟೆಯ ಮೇಲೆ ನಿಂಬೆಯ ಹೋಳು ಬಿಟ್ಟ ಜಾಗದಲ್ಲಿ, ಹುಣಸೆನೀರು ಚೆಲ್ಲಿದ ಜಾಗದಲ್ಲಿ ಎಷ್ಟು ಉಜ್ಜಿದರೂ ಹೋಗದ ಬಿಳಿಚಿದ ಗುರುತು ಕಾಣುತ್ತದಲ್ಲ, ಅಲ್ಲಿ ಆದದ್ದೂ ಇದೇ. ಹುಳಿಯು ಕಲ್ಲಿನ ಮೇಲ್ಮೈಯನ್ನೇ ತಿಂದಿದೆ. ಈ ಸಂಗತಿ ನೆನಪಿನಲ್ಲಿರಲಿ, ಟಂಬ್ಲರ್‌ಗೆ ನೀರು ಹಾಕುವಾಗ ಮತ್ತೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಹಸಿರು ಮಾರ್ಬಲ್ ಎಂದು ಮಾರುವ ರಾಜಸ್ಥಾನದ ಕಲ್ಲು ಬಹುಪಾಲು ಮಾರ್ಬಲ್ಲೇ ಅಲ್ಲ, ಸರ್ಪೆಂಟೈನ್ ಎಂಬ ಬೇರೆಯೇ ಖನಿಜ. ಅದನ್ನು ಬಿಳಿ ಮಾರ್ಬಲ್ ಜೊತೆ ಬೆರೆಸಬೇಡಿ. ಹಾಗೆಯೇ ಗ್ರಾನೈಟ್ ತುಂಡು, ವಿಟ್ರಿಫೈಡ್ ಟೈಲ್‌ನ ಚೂರು ಒಂದೇ ಒಂದು ಸೇರಿಕೊಂಡರೂ ಸಾಕು, ಉಳಿದ ಮೆದು ಕಲ್ಲುಗಳ ಮೈತುಂಬ ಗೀರು ಬೀಳುತ್ತದೆ. ಒಂದು ಸಲಕ್ಕೆ ಒಂದೇ ಜಾತಿ ಎನ್ನುವುದು ಮೊದಲ ನಿಯಮ. ನಿಮ್ಮ ಮರಿಗೆಯ ತುಂಡುಗಳು ಸವೆದುಹೋದದ್ದಕ್ಕೆ ಒಂದು ಕಾರಣ, ಅವುಗಳ ಜೊತೆಗೆ ತಿರುಗುತ್ತಿದ್ದ ಮಾರ್ಬಲ್ ಮತ್ತು ಕಡಪ.

ಹೊಳೆಯಲ್ಲಿ ಮೆದು ಕಲ್ಲು ಯಾಕೆ ಸಿಗುವುದಿಲ್ಲ

ಕುಮಾರಧಾರೆಯೇ ಒಂದು ದೊಡ್ಡ ಟಂಬ್ಲರ್. ಪುಷ್ಪಗಿರಿಯ ಕಡೆ ಹುಟ್ಟಿ, ಸುಬ್ರಹ್ಮಣ್ಯದ ಸ್ನಾನಘಟ್ಟ ದಾಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುವ ತನಕ ಪ್ರತಿ ಮಳೆಗಾಲ ಅದು ಕಲ್ಲುಗಳನ್ನು ಉರುಳಿಸುತ್ತದೆ. ಆ ಉರುಳಾಟದಲ್ಲಿ ಮೆದುವಾದದ್ದೆಲ್ಲ ಪುಡಿಯಾಗಿ ಮರಳು, ಕೆಸರಾಗಿ ಹರಿದುಹೋಗಿದೆ. ಉಳಿದಿರುವುದು ಬೆಣಚುಕಲ್ಲು, ನೈಸ್, ಕರಿಕಲ್ಲಿನ ಜಾತಿಯವು. ಸುಳ್ಯದ ಪಯಸ್ವಿನಿಯಲ್ಲಿ ಹೆಕ್ಕಿದರೂ ಅಷ್ಟೇ. ಹಾಗಾಗಿ ನಿಮಗೆ ಹೊಳೆಕಲ್ಲು ಸುಲಭವಾಗಿ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ. ಪುಸ್ತಿಕೆ ಬರೆದವರ ಮನಸ್ಸಿನಲ್ಲಿದ್ದದ್ದು ಅಂಥ ಕಲ್ಲೇ.

ನಮ್ಮ ಕಡೆ ಕಣ್ಣಿಗೆ ಮೊದಲು ಬೀಳುವ ಮುರಕಲ್ಲಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ. ಕತ್ತಿಗೆ ಬಗ್ಗುತ್ತದೆ ಎಂದು ಮುರಕಲ್ಲನ್ನು ಮೆದು ಕಲ್ಲಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಒಂದೇ ಖನಿಜವಲ್ಲ. ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡ್ ಮತ್ತು ಜೇಡಿ ಸೇರಿ ಆದ, ಒಳಗೆಲ್ಲ ತೂತಿರುವ ಮುದ್ದೆ. ಹೊಳಪಿಗೆ ಬೇಕಾದದ್ದು ತೂತಿಲ್ಲದ, ಒತ್ತಾದ ಮೈ. ಮುರಕಲ್ಲನ್ನು ಟಂಬ್ಲರ್‌ಗೆ ಹಾಕಿದರೆ ಕೆಂಪು ಕೆಸರು ಮಾತ್ರ ಸಿಗುತ್ತದೆ. ಅದೇ ಕಲ್ಲನ್ನು ಮಲಬಾರಿನ ಅಂಗಾಡಿಪುರಂನಲ್ಲಿ ಕಂಡು ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕನನ್ 1807ರ ತನ್ನ ಪುಸ್ತಕದಲ್ಲಿ ಹೊಗಳಿದ್ದು ಅದರ ಹೊಳಪನ್ನಲ್ಲ. ಹಸಿ ಇರುವಾಗ ಕಡಿಯಲು ಸುಲಭ, ಗಾಳಿ ತಾಗಿದ ಮೇಲೆ ಗಟ್ಟಿ ಎಂಬ ಗುಣವನ್ನು. ಅದು ಮನೆ ಕಟ್ಟುವ ಕಲ್ಲು, ಅಲ್ಲಿಗೇ ಬಿಟ್ಟುಬಿಡಿ.

ಮಂಕು ಎಲ್ಲಿಂದ ಬರುತ್ತದೆ

ಹೊಳಪು ಎಂದರೆ ಬೆಳಕು ಚೆದುರದೆ ನೇರವಾಗಿ ಮರಳುವುದು. ಬೆಳಕಿನ ಅಲೆಯ ಉದ್ದ ಒಂದು ಮೈಕ್ರಾನ್‌ಗಿಂತ ಕಡಿಮೆ, ಅಂದಾಜು 0.4ರಿಂದ 0.7 ಮೈಕ್ರಾನ್. ಕಲ್ಲಿನ ಮೈಮೇಲಿನ ಗೀರುಗಳು ಅದಕ್ಕಿಂತ ದೊಡ್ಡದಿದ್ದರೆ ಬೆಳಕು ಚೆದುರುತ್ತದೆ, ಕಲ್ಲು ಮಂಕಾಗಿ ಕಾಣುತ್ತದೆ. 220 ನಂಬರಿನ ಪುಡಿಯ ಕಣ ಸುಮಾರು 65 ಮೈಕ್ರಾನ್, 500 ನಂಬರಿನದು ಸುಮಾರು 13. ಕೊನೆಯ ಪಾಲಿಷ್ ಪುಡಿ ಒಂದೆರಡು ಮೈಕ್ರಾನ್‌ನದು. ದೊಡ್ಡ ಗೀರನ್ನು ಸಣ್ಣ ಗೀರಿನಿಂದ, ಸಣ್ಣದನ್ನು ಇನ್ನೂ ಸಣ್ಣದರಿಂದ ಅಳಿಸುತ್ತ ಹೋಗುವುದೇ ಕಲ್ಲು ಪಾಲಿಷ್ ಮಾಡುವ ಕೆಲಸ.

ಬೆಣಚುಕಲ್ಲಿನ ವಿಷಯದಲ್ಲಿ ಇಷ್ಟು ತಿಳಿದರೆ ಸಾಕು. ಕ್ಯಾಲ್ಸೈಟಿಗೆ ಇನ್ನೊಂದು ದೋಷವಿದೆ. ಅದರ ಹರಳು ಮೂರು ದಿಕ್ಕಿನಲ್ಲಿ ಸುಲಭವಾಗಿ ಸೀಳುತ್ತದೆ. ಒಂದು ಕಲ್ಲು ಇನ್ನೊಂದರ ಮೇಲೆ ಬಿದ್ದಾಗ ಮೇಲೆ ಗೀರು ಬೀಳದಿದ್ದರೂ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳು ಏಳುತ್ತವೆ. ಅವು ಒಟ್ಟಾಗಿ ಬಿಳಿಯಾಗಿ ಕಾಣುತ್ತವೆ. ನಿಮ್ಮ ಮಾರ್ಬಲ್‌ಗೆ ಸುಣ್ಣ ಬಳಿದಂತಾದದ್ದು, ಕಪ್ಪು ಕಡಪ ಬೂದಿಯಾದದ್ದು ಹೀಗೆ. ಎಷ್ಟೇ ಒಳ್ಳೆಯ ಪಾಲಿಷ್ ಪುಡಿ ಹಾಕಿದರೂ ಈ ಪೆಟ್ಟಿನ ಗುರುತು ಹೋಗುವುದಿಲ್ಲ. ಒಂದು ಹಂತ ಹಿಂದೆ ಹೋಗಿ, ಆ ಪದರವನ್ನೇ ಸವೆಸಿ ತೆಗೆಯಬೇಕು.

ಬೀಳದಂತೆ, ಜಾರುವಂತೆ

ಪೆಟ್ಟು ಕಡಿಮೆ ಮಾಡಲು ನಾಲ್ಕು ದಾರಿಗಳಿವೆ.

ಮೊದಲನೆಯದು ಬ್ಯಾರೆಲ್ ತುಂಬಿಸುವುದು. ಅರ್ಧ ಖಾಲಿ ಬ್ಯಾರೆಲ್‌ನಲ್ಲಿ ಕಲ್ಲು ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಮುಕ್ಕಾಲು ಭಾಗ ತುಂಬಿದ್ದರೆ ಬೀಳಲು ಜಾಗವೇ ಇರುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಕಲ್ಲು ಸಾಲದಿದ್ದರೆ ಉಳಿದ ಜಾಗವನ್ನು ಪ್ಲಾಸ್ಟಿಕ್ ಕಾಳಿನಿಂದ ತುಂಬಿ.

ಎರಡನೆಯದು ಇದೇ ಪ್ಲಾಸ್ಟಿಕ್ ಕಾಳು. ಟಂಬ್ಲರ್‌ಗೆಂದೇ ಮಾರುವ ಈ ಸಣ್ಣ ಗುಂಡುಗಳು ಕಲ್ಲು ಕಲ್ಲಿನ ನಡುವೆ ಮೆತ್ತೆಯಾಗುತ್ತವೆ, ಪುಡಿಯನ್ನು ಮೈಗೆ ಒತ್ತಿ ಉಜ್ಜುತ್ತವೆ. ಮೆದು ಕಲ್ಲಿಗೆ ಒಟ್ಟು ಗಾತ್ರದ ಮೂರನೇ ಒಂದು ಭಾಗದಷ್ಟಾದರೂ ಹಾಕಿ. ಕಾಳಿಗೆ ಅಂಟಿದ ಒರಟು ಪುಡಿ ಮುಂದಿನ ಹಂತಕ್ಕೆ ಹೋಗಬಾರದು, ಆದ್ದರಿಂದ ಪ್ರತಿ ಹಂತಕ್ಕೆ ಬೇರೆ ಬೇರೆ ಡಬ್ಬಿ ಕಾಳು ಇಟ್ಟುಕೊಳ್ಳಿ. ಕಾಳು ಸಿಗದಿದ್ದರೆ ಭತ್ತದ ಉಮಿ ಹಾಕಬಹುದಲ್ಲ ಎಂದು ನಮ್ಮಲ್ಲಿ ಯಾರಿಗಾದರೂ ತೋಚುವುದು ಸಹಜ. ಹಾಕಬೇಡಿ. ಉಮಿಯಲ್ಲಿ ಸಿಲಿಕಾ ಧಾರಾಳವಾಗಿದೆ, ಅದು ಕ್ಯಾಲ್ಸೈಟಿಗಿಂತ ಗಟ್ಟಿ. ಬೆಣಚುಕಲ್ಲಿಗೆ ಏನೂ ಆಗದು, ಮಾರ್ಬಲ್‌ಗೆ ಗೀರು ಬಿದ್ದೀತು.

ಮೂರನೆಯದು ವೇಗ. ಬ್ಯಾರೆಲ್ ತೀರಾ ಜೋರಾಗಿ ತಿರುಗಿದರೆ ಕಲ್ಲುಗಳು ಗೋಡೆಗೇ ಅಂಟಿಕೊಂಡು ಸುತ್ತುತ್ತವೆ. ಹತ್ತು ಸೆಂಟಿಮೀಟರ್ ವ್ಯಾಸದ ಬ್ಯಾರೆಲ್‌ಗೆ ಆ ಮಿತಿ ನಿಮಿಷಕ್ಕೆ ಸುಮಾರು 134 ಸುತ್ತು. ಸಣ್ಣ ಟಂಬ್ಲರ್‌ಗಳು ಸಾಮಾನ್ಯವಾಗಿ 30ರಿಂದ 60 ಸುತ್ತು ತಿರುಗುತ್ತವೆ. ನಿಮ್ಮದರಲ್ಲಿ ವೇಗ ಬದಲಿಸುವ ಗುಂಡಿ ಇದ್ದರೆ ಮೆದು ಕಲ್ಲಿಗೆ ಅತಿ ಕಡಿಮೆಯದನ್ನೇ ಇಡಿ. ಕಿವಿಗೊಟ್ಟು ಕೇಳಿದರೂ ತಿಳಿಯುತ್ತದೆ. ಒಂದೇ ಸಮನೆ ಸರಸರ ಸದ್ದು ಬಂದರೆ ಸರಿ, ಟಕ್ ಟಕ್ ಎಂದು ಕೇಳಿದರೆ ಒಳಗೆ ಕಲ್ಲು ಬೀಳುತ್ತಿದೆ.

ನಾಲ್ಕನೆಯದು ದಪ್ಪ ನೀರು. ಬರೀ ನೀರಿನಲ್ಲಿ ಕಲ್ಲು ಬೇಗ ಬೀಳುತ್ತದೆ, ಸ್ವಲ್ಪ ಮಂದ ಇದ್ದರೆ ನಿಧಾನ. ಪಾಲಿಷ್ ಹಂತದಲ್ಲಿ ಎರಡು ಚಮಚ ಸಕ್ಕರೆ ಹಾಕಿ ನೀರನ್ನು ಮಂದ ಮಾಡುವ ಪದ್ಧತಿ ಹಲವರಲ್ಲಿದೆ. ನಮ್ಮ ಸೆಕೆಯಲ್ಲಿ ಸಕ್ಕರೆ ನೀರು ಬೇಗ ಹುಳಿ ಬರುತ್ತದೆ, ಹಾಗಾಗಿ ಹಾಕಿದರೆ ದಿನವೂ ಮುಚ್ಚಳ ತೆರೆದು ಮೂಸಿ ನೋಡಬೇಕು. ಹುಳಿ ವಾಸನೆ ಬಂದರೆ ನೀರು ಬದಲಿಸಿ.

ನೀರಿನಲ್ಲೂ ಹುಳಿ

ಪುತ್ತೂರು, ಸುಳ್ಯ, ಕಡಬದ ಮುರಕಲ್ಲು ನೆಲದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಹುಳಿಗುಣದ್ದು. ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಮಣ್ಣಿನ ಇದೇ ಹುಳಿಯನ್ನು ತಗ್ಗಿಸಲಿಕ್ಕೆ. ಬೆಣಚುಕಲ್ಲಿಗೆ ಇದರಿಂದ ಏನೂ ಇಲ್ಲ. ಆದರೆ ಕಡಪ, ಮಾರ್ಬಲ್‌ಗಳನ್ನು ಹಗಲು ರಾತ್ರಿ ಇಂಥ ನೀರಲ್ಲೇ ತಿರುಗಿಸಿದರೆ, ಅದರಲ್ಲೂ ಹೊಸ ನೀರು ಹಾಕುವ ಪಾಲಿಷ್ ಹಂತದಲ್ಲಿ, ಬಂದ ಹೊಳಪನ್ನು ನೀರೇ ತಿನ್ನಬಹುದು. ಮನೆಯಲ್ಲಿ ತೋಟವಿದ್ದರೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಪರೀಕ್ಷಿಸಲು ತಂದ ಲಿಟ್ಮಸ್ ಕಾಗದ ಎಲ್ಲೋ ಇದ್ದೇ ಇರುತ್ತದೆ. ನೀಲಿ ಕಾಗದವನ್ನು ಬಾವಿನೀರಿಗೆ ಅದ್ದಿ ನೋಡಿ. ಕೆಂಪಿಗೆ ತಿರುಗಿದರೆ ಬ್ಯಾರೆಲ್‌ಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ, ಸಮಸ್ಯೆ ಮುಗಿಯಿತು. ತೊಳೆಯಲು ಅಂಟುವಾಳದ ನೀರು ಬಳಸಬೇಡಿ, ಅದೂ ಸ್ವಲ್ಪ ಹುಳಿಯೇ. ಸಾದಾ ಬಾರ್ ಸೋಪಿನ ತುರಿ ಸಾಕು.

ಹಂತ ಹಂತವಾಗಿ

ಈಗ ಮಾರ್ಬಲ್, ಕಡಪಕ್ಕೆ ನೇರವಾದ ಕ್ರಮ. ಒಂದೂವರೆ ಕಿಲೋ ಹಿಡಿಯುವ ಬ್ಯಾರೆಲ್ ಎಂದಿಟ್ಟುಕೊಳ್ಳಿ.

ಒಡೆದ ತುಂಡುಗಳ ಚೂಪು ಮೂಲೆಗಳನ್ನು ಮೊದಲು ನೀರು ಹಾಕಿ ಸಾಣೆಕಲ್ಲಿನ ಮೇಲೆ ಕೈಯಲ್ಲೇ ಉಜ್ಜಿ ಮೊಂಡು ಮಾಡಿ. ಮೂಲೆ ಮುರಿದು ಬಿದ್ದ ಚೂರೇ ಬ್ಯಾರೆಲ್‌ನಲ್ಲಿ ಉಳಿದ ಕಲ್ಲುಗಳಿಗೆ ಶತ್ರು. ಸೀಳು ಕಾಣುವ ಕಲ್ಲನ್ನು ಆರಿಸಿ ಬಿಸಾಡಿ. ದೊಡ್ಡದು, ಸಣ್ಣದು ಎರಡೂ ಇರಲಿ. ಎಲ್ಲ ಒಂದೇ ಗಾತ್ರದ್ದಾದರೆ ನಡುವಿನ ಸಂದಿಗಳಲ್ಲಿ ಉಜ್ಜುವಿಕೆ ನಡೆಯುವುದಿಲ್ಲ.

ಪುಸ್ತಿಕೆಯ ಮೊದಲ ಹಂತವಾದ 60/90 ನಂಬರಿನ ಒರಟು ಪುಡಿಯನ್ನು ಪೂರ್ತಿ ಬಿಟ್ಟುಬಿಡಿ. ನಿಮ್ಮ ಕಲ್ಲು ಸವೆದದ್ದು ಮುಖ್ಯವಾಗಿ ಅದರಿಂದ. ಆ ಪುಡಿ ಸಿಲಿಕಾನ್ ಕಾರ್ಬೈಡ್, ನಮ್ಮ ಕಾರ್ಮಿಕರ ಬಾಯಲ್ಲಿ ಕಾರ್ಬೊರಂಡಂ. ಅದರ ಗಡಸುತನ 9ಕ್ಕಿಂತ ಮೇಲೆ. ಕ್ಯಾಲ್ಸೈಟಿನ ಮುಂದೆ ಅದು ವಾರಗಟ್ಟಲೆ ಕೆಲಸ ಮಾಡುವ ಅಗತ್ಯವೇ ಇಲ್ಲ.

220 ನಂಬರಿನಿಂದ ಶುರು ಮಾಡಿ. ಗಟ್ಟಿ ಕಲ್ಲಿಗೆ ನಾಲ್ಕು ದೊಡ್ಡ ಚಮಚ ಹಾಕುವಲ್ಲಿ ಎರಡೇ ಸಾಕು. ನೀರು ಮೇಲಿನ ಕಲ್ಲುಗಳ ಬುಡ ಮುಟ್ಟುವಷ್ಟಿರಲಿ. ಎರಡರಿಂದ ನಾಲ್ಕು ದಿನ. ದಿನಕ್ಕೊಮ್ಮೆ ತೆರೆದು ನೋಡಲೇಬೇಕು, ಯಾಕೆಂದರೆ ಮೆದು ಕಲ್ಲು ತಾನೇ ಪುಡಿ ಬಿಟ್ಟು ನೀರನ್ನು ಬೇಗ ಗಟ್ಟಿ ಮಾಡುತ್ತದೆ. ದೋಸೆಹಿಟ್ಟಿನ ಹದಕ್ಕಿಂತ ಗಟ್ಟಿಯಾದರೆ ಕಲ್ಲು ಜಾರುವುದು ನಿಲ್ಲುತ್ತದೆ, ಸ್ವಲ್ಪ ನೀರು ಸೇರಿಸಿ. ಮೈ ಒಂದೇ ಸಮ ಮಂಕಾಗಿ, ಗುಳಿ ಗೀರು ಯಾವುದೂ ಇಲ್ಲದಂತೆ ಕಂಡರೆ ಈ ಹಂತ ಮುಗಿಯಿತು.

ಆಮೇಲೆ 500 ನಂಬರಿನ ಪುಡಿ, ಮೂರರಿಂದ ಐದು ದಿನ. ಸಿಕ್ಕಿದರೆ 1000 ನಂಬರಿನದನ್ನೂ ಎರಡು ಮೂರು ದಿನ ಓಡಿಸಿ. ಗಟ್ಟಿ ಕಲ್ಲಿಗೆ ಇದು ಬೇಕಿಲ್ಲ, ಮೆದು ಕಲ್ಲಿಗೆ ಇಲ್ಲೇ ಅರ್ಧ ಹೊಳಪು ಬರುತ್ತದೆ. ಈ ಹಂತ ಮುಗಿದಾಗ ಒಣ ಕಲ್ಲಿನ ಮೇಲೆ ರೇಷ್ಮೆಯಂಥ ನಯ ಕಾಣಬೇಕು.

ಕೊನೆಗೆ ಪಾಲಿಷ್. ಅಲ್ಯೂಮಿನಿಯಂ ಆಕ್ಸೈಡ್‌ನ ಅತಿ ನುಣ್ಣನೆಯ ಪುಡಿ ಅಥವಾ ಟಿನ್ ಆಕ್ಸೈಡ್ ಎರಡು ಚಮಚ, ಹೊಸ ಪ್ಲಾಸ್ಟಿಕ್ ಕಾಳು, ಅರ್ಧ ಚಮಚ ಅಡುಗೆ ಸೋಡಾ. ನಾಲ್ಕರಿಂದ ಏಳು ದಿನ. ಗಾಜು, ಬೆಣಚುಕಲ್ಲಿಗೆ ಹೊಂದುವ ಸೀರಿಯಂ ಆಕ್ಸೈಡ್ ಇದ್ದರೆ ಅದನ್ನು ಹೊಳೆಕಲ್ಲಿಗೆ ಉಳಿಸಿಕೊಳ್ಳಿ. ಪಾಲಿಷ್ ಮುಗಿದ ಮೇಲೆ ಸೋಪಿನ ತುರಿ, ನೀರು, ಕಾಳು ಹಾಕಿ ಕೆಲವು ಗಂಟೆ ತಿರುಗಿಸಿದರೆ ಮೈಗೆ ಅಂಟಿದ ಪುಡಿ ಬಿಡುತ್ತದೆ.

ಪ್ರತಿ ಹಂತದ ನಡುವೆ ತೊಳೆಯುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಬ್ಯಾರೆಲ್‌ನ ಮುಚ್ಚಳದ ಅಂಚು, ಕಲ್ಲಿನ ಸಂದು, ಕೈಯ ಉಗುರಿನ ಸಂದು, ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯಿರಿ. 220ರ ಒಂದು ಕಣ ಪಾಲಿಷ್ ಹಂತಕ್ಕೆ ದಾಟಿದರೆ ವಾರದ ಕೆಲಸ ನೀರುಪಾಲು. ಸಾಧ್ಯವಿದ್ದರೆ ಪಾಲಿಷ್‌ಗೆ ಬೇರೆಯೇ ಬ್ಯಾರೆಲ್ ಇಡಿ.

ಹೊಳಪು ಬಂತೋ ಎಂದು ಒದ್ದೆ ಕಲ್ಲಿನಲ್ಲಿ ನೋಡಬೇಡಿ, ಒದ್ದೆಯಾದರೆ ಎಲ್ಲ ಕಲ್ಲೂ ಹೊಳೆಯುತ್ತದೆ. ಒರೆಸಿ, ಪೂರ್ತಿ ಒಣಗಿಸಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಕಲ್ಲಿನ ಮೈಯಲ್ಲಿ ಟ್ಯೂಬಿನ ಅಂಚು ಗೆರೆ ಎಳೆದಂತೆ ಸ್ಪಷ್ಟ ಕಂಡರೆ ಪಾಲಿಷ್ ಆಗಿದೆ. ಬಿಳಿ ಮಬ್ಬು ಮಾತ್ರ ಕಂಡರೆ 500ಕ್ಕೆ ಹಿಂದಿರುಗಿ. ಪಾಲಿಷ್ ಪುಡಿಯಲ್ಲೇ ಇನ್ನೊಂದು ವಾರ ತಿರುಗಿಸಿದರೆ ಸರಿಹೋದೀತು ಎಂಬ ಆಸೆ ಬೇಡ.

ಕರೆಂಟಿನ ಮಾತು. 25 ವಾಟಿನ ಮೋಟರ್ ದಿನವಿಡೀ ಓಡಿದರೆ 0.6 ಯೂನಿಟ್, ಬಿಲ್ಲಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಮಳೆಗಾಲದ ಕರೆಂಟ್ ಕಡಿತಕ್ಕೆ. ಮಾರ್ಬಲ್ ಕೆಸರು ನಿಂತಲ್ಲೇ ತಳಕ್ಕೆ ಕೂತು ಗಟ್ಟಿಯಾಗುತ್ತದೆ, ಆಮೇಲೆ ಕರೆಂಟ್ ಬಂದಾಗ ಮೋಟರ್ ಎಳೆಯಲಾರದೆ ಸುಟ್ಟೀತು. ಹೊತ್ತು ಕಳೆದರೂ ಕರೆಂಟ್ ಬರದಿದ್ದರೆ ಪ್ಲಗ್ ತೆಗೆದು, ಬ್ಯಾರೆಲ್ಲನ್ನು ಕೈಯಲ್ಲಿ ಅಲ್ಲಾಡಿಸಿ ಇಡಿ. ಗಾಳಿಮಳೆಯ ಜೂನ್, ಜುಲೈಗಿಂತ ಮಳೆ ಬಿಟ್ಟ ಮೇಲೆ ಈ ಹವ್ಯಾಸಕ್ಕೆ ಕೈಹಾಕುವುದು ಮೇಲು.

ಆಕ್ಸಾಲಿಕ್ ಆಸಿಡ್ ಬೇಡ

ಮೊಸಾಯಿಕ್, ಮಾರ್ಬಲ್ ನೆಲ ಪಾಲಿಷ್ ಮಾಡುವವರು ಕೆಲಸದ ಕೊನೆಗೆ ಬಿಳಿ ಪುಡಿಯೊಂದನ್ನು ಚೆಲ್ಲಿ ಉಜ್ಜುವುದನ್ನು ನೀವು ಕಂಡಿರಬಹುದು. ಅದು ಆಕ್ಸಾಲಿಕ್ ಆಸಿಡ್. ಕಾರ್ಬೊರಂಡಂ ಕಲ್ಲನ್ನು ಒರಟಿನಿಂದ ನಯದವರೆಗೆ ನಂಬರ್ ಬದಲಿಸುತ್ತ ಉಜ್ಜಿ, ಕೊನೆಗೆ ಇದನ್ನು ಹಾಕಿ ನೆಲ ಹೊಳೆಯಿಸುವುದು ಅವರ ಕ್ರಮ. ನೆಲದ ಮೇಲೆ ಸರಿ, ಮುಚ್ಚಿದ ಬ್ಯಾರೆಲ್‌ನಲ್ಲಿ ಖಂಡಿತ ಬೇಡ. ಆಸಿಡ್ ಮತ್ತು ಸುಣ್ಣಕಲ್ಲು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಬ್ಯಾರೆಲ್ ಉಬ್ಬಿ ಮುಚ್ಚಳ ಹಾರಬಹುದು. ಆ ಪುಡಿ ವಿಷವೂ ಹೌದು. ಮಕ್ಕಳ ಕೈಗೆ ಸಿಗುವ ಕಡೆ ಇಡುವ ವಸ್ತುವೇ ಅಲ್ಲ. ಆ ಕೆಲಸದವರಿಂದ ಕಲಿಯಬೇಕಾದದ್ದು ಬೇರೊಂದು ಇದೆ: ಅವರು ಯಾವ ನಂಬರನ್ನೂ ಹಾರಿಸುವುದಿಲ್ಲ, ಒಂದು ನಂಬರಿನ ಕೆಸರನ್ನು ಪೂರ್ತಿ ತೊಳೆಯದೆ ಮುಂದಿನ ಕಲ್ಲು ಮುಟ್ಟುವುದಿಲ್ಲ.

ಮರಿಗೆಯ ಕಲ್ಲಿಗೆ ಕೈಯೇ ಗತಿ

ಉಪ್ಪು, ಉಪ್ಪಿನಕಾಯಿ ಹಾಕಿಡುತ್ತಿದ್ದ ಕಲ್ಲಿನ ಮರಿಗೆಗಳು ಬಳಪದ ಕಲ್ಲಿನವು. ಟಾಲ್ಕ್ ಹೆಚ್ಚಿರುವ ಈ ಕಲ್ಲನ್ನು ಉಗುರಿನಲ್ಲೇ ಗೀಚಬಹುದು. ಪ್ಲಾಸ್ಟಿಕ್ ಕಾಳು, ಕಡಿಮೆ ವೇಗ ಎಲ್ಲ ಇಟ್ಟರೂ ಟಂಬ್ಲರ್‌ನಲ್ಲಿ ಇದು ಸವೆಯುತ್ತದೆಯೇ ಹೊರತು ಹೊಳೆಯುವುದಿಲ್ಲ. ನೇರವಾಗಿ ಹೇಳುತ್ತೇನೆ, ಹಾಕಲೇಬೇಡಿ.

ಹಾಗೆಂದು ಈ ಕಲ್ಲಿಗೆ ಹೊಳಪೇ ಬರುವುದಿಲ್ಲ ಎಂದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದ ಕಂಬಗಳನ್ನು ನೋಡಿದವರಿಗೆ ಇದು ಗೊತ್ತು. 1117ರಲ್ಲಿ ಪ್ರತಿಷ್ಠೆಯಾದ ಆ ದೇಗುಲದ ಕಲ್ಲೂ ಬಳಪದ ಕಲ್ಲಿನ ಬಳಗದ್ದೇ. ಚರಕಿಗೆ ಹಾಕಿ ತಿರುಗಿಸಿ ಕಡೆದ ಆ ಕಂಬಗಳ ಮೈಮೇಲೆ ಬಾಗಿಲ ಬೆಳಕು ಇಂದಿಗೂ ಗೆರೆಗೆರೆಯಾಗಿ ಬೀಳುತ್ತದೆ. ಅಲ್ಲಿ ಕಲ್ಲು ತಿರುಗಿತು, ಉಳಿ ಮತ್ತು ಉಜ್ಜುವ ಕೈ ನಿಂತಲ್ಲೇ ನಿಂತಿತು. ಕಲ್ಲಿಗೆ ಕಲ್ಲು ತಾಗಲಿಲ್ಲ.

ಇದಕ್ಕೆ ವಿರುದ್ಧವಾದದ್ದು ಗುಜರಾತಿನ ಖಂಭಾತ್. ಅಲ್ಲಿನ ಅಗೇಟ್ ಮಣಿಗಳನ್ನು ಹಿಂದೆ ಚರ್ಮದ ಚೀಲಕ್ಕೆ ಕುರುಂದದ ಪುಡಿ, ನೀರಿನ ಜೊತೆ ತುಂಬಿ, ಇಬ್ಬರು ಎದುರುಬದುರು ಕೂತು ಹಲವು ದಿನ ಆಚೀಚೆ ಉರುಳಿಸುತ್ತಿದ್ದರು. ನಿಮ್ಮ ಟಂಬ್ಲರ್‌ನ ಅಜ್ಜ ಅದು. ಆದರೆ ಅಗೇಟ್ ಗಡಸುತನ 7ರ ಕಲ್ಲು, ಉರುಳಾಟವನ್ನು ತಡೆಯುತ್ತದೆ. ಕಲ್ಲಿನ ಜಾತಿಗೆ ತಕ್ಕ ಕೈಕೆಲಸವನ್ನು ಹಿಂದಿನವರು ಆರಿಸಿಕೊಂಡಿದ್ದರು.

ನೀವು ಮರಿಗೆಯ ತುಂಡಿಗೆ ಮಾಡಬೇಕಾದದ್ದು ಇಷ್ಟು. ಗಾಡಿ ಪೇಂಟ್ ಮಾಡುವವರು ಬಳಸುವ ವಾಟರ್ ಪೇಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 400, 800, 1200, 2000 ನಂಬರಿನ ಒಂದೊಂದು ಹಾಳೆ ತನ್ನಿ. ಬೋಗುಣಿಯಲ್ಲಿ ನೀರಿಟ್ಟುಕೊಂಡು, ಕಲ್ಲನ್ನು ನೀರೊಳಗೇ ಹಿಡಿದು, ಪ್ರತಿ ನಂಬರಿಗೂ ಹಿಂದಿನದಕ್ಕೆ ಅಡ್ಡ ದಿಕ್ಕಿನಲ್ಲಿ ಉಜ್ಜಿ. ಹಿಂದಿನ ಗೀರು ಮಾಯವಾದದ್ದು ಆಗ ಸ್ಪಷ್ಟ ಕಾಣುತ್ತದೆ. ಒಂದು ದಿನ ಒಣಗಲು ಬಿಟ್ಟು, ಬಿಸಿಲಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಜೇನುಮೇಣ ಸವರಿ ಹತ್ತಿ ಬಟ್ಟೆಯಲ್ಲಿ ತಿಕ್ಕಿ. ಕಲ್ಲು ಕಪ್ಪುಹಸಿರಿಗೆ ತಿರುಗಿ ಒಳಗಿನಿಂದಲೇ ಮಿನುಗಿದಂತೆ ಕಾಣುತ್ತದೆ. ಜೇನು ಸಾಕುವವರು ಪುತ್ತೂರು, ಸುಳ್ಯದ ಹಳ್ಳಿಹಳ್ಳಿಯಲ್ಲಿದ್ದಾರೆ, ಮೇಣಕ್ಕೆ ಕಷ್ಟವಿಲ್ಲ. ತೆಂಗಿನೆಣ್ಣೆಯೂ ಹೊಳಪು ಕೊಡುತ್ತದೆ, ಆದರೆ ಕೆಲವು ದಿನಕ್ಕೆ ಜಿಡ್ಡುವಾಸನೆ ಬಂದು ಧೂಳು ಅಂಟುತ್ತದೆ.

ಪುಡಿ, ಕೆಸರು, ಕಾನೂನು

ಯಾವ ಕಲ್ಲನ್ನೂ ಒಣಗಿದ್ದಾಗ ಉಜ್ಜಬೇಡಿ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೇಡು. ಬಳಪದ ಕಲ್ಲು, ಹಸಿರು ಸರ್ಪೆಂಟೈನ್‌ಗಳಲ್ಲಿ ಕೆಲವೊಮ್ಮೆ ಆಸ್ಬೆಸ್ಟಾಸ್ ಎಳೆಗಳೂ ಇರುತ್ತವೆ. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ನೆಲದ ಮೇಲೆ ಚೆಲ್ಲಿದ ಕೆಸರನ್ನು ಒಣಗುವ ಮೊದಲೇ ಒರೆಸಿ ತೆಗೆಯಿರಿ, ಗುಡಿಸಬೇಡಿ.

ಕೆಸರನ್ನು ಸಿಂಕಿಗೆ ಸುರಿದರೆ ಪೈಪಿನ ಬಾಗಿನಲ್ಲಿ ಕೂತು ಕಲ್ಲಾಗುತ್ತದೆ. ತೋಡಿಗೂ ಬಿಡಬೇಡಿ. ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟು, ಮೇಲಿನ ತಿಳಿನೀರನ್ನು ಬಸಿದು, ತಳದ ಕೆಸರನ್ನು ಬಾವಿಯಿಂದ ದೂರ ಒಂದು ಹೊಂಡಕ್ಕೆ ಹಾಕಿ ಮುಚ್ಚಿ.

ಕಲ್ಲು ಎಲ್ಲಿಂದ ತರುತ್ತೀರಿ ಎನ್ನುವುದೂ ಮುಖ್ಯ. ಸುಳ್ಯ, ಕಡಬದ ಪೂರ್ವಕ್ಕೆ ರಕ್ಷಿತಾರಣ್ಯ, ಅದಕ್ಕೆ ತಾಗಿ ಪುಷ್ಪಗಿರಿ ವನ್ಯಜೀವಿ ಧಾಮ. ಧಾಮದಿಂದ ಏನನ್ನೂ ಹೊರತರಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಹರಳುಕಲ್ಲಿನ ಆಸೆಗೆ ಗಡಿಯ ಕಾಡು ಅಗೆದು ಕೇಸು ಹಾಕಿಸಿಕೊಂಡವರ ಸುದ್ದಿ ನೀವೂ ಓದಿರುತ್ತೀರಿ. ಕುಮಾರಪರ್ವತದ ತುದಿಯಲ್ಲಿ ಸಿಗುವ ಆರು ಮುಖದ ಕಲ್ಲುಗಳನ್ನು ಭಕ್ತರು ಕುಮಾರಲಿಂಗವೆಂದು ಪೂಜಿಸುತ್ತಾರೆ, ಅವು ಟಂಬ್ಲರ್‌ನ ವಸ್ತುವಲ್ಲ. ಮೆದು ಕಲ್ಲು ಬೇಕಾದರೆ ಕಾಡಿಗೆ ಹೋಗುವ ಅಗತ್ಯವೇ ಇಲ್ಲ. ಪುತ್ತೂರಿನ ಯಾವುದೇ ಮಾರ್ಬಲ್ ಅಂಗಡಿಯ ಹಿತ್ತಲಿನಲ್ಲಿ ಕತ್ತರಿಸಿ ಬಿಟ್ಟ ತುಂಡುಗಳ ರಾಶಿ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಇನ್ನು ನಿಮ್ಮ ಮಗಳಿಗೆ ಒಂದು ಮಾತು. ಮೊದಲ ಸಲ ಬರೀ ಕಡಪ ಕಲ್ಲು ಹಾಕು. ಕಪ್ಪು ಮೈಯಲ್ಲಿ ಗೀರು, ಪೆಟ್ಟು, ಹೊಳಪು ಮೂರೂ ಬೇಗ ಕಣ್ಣಿಗೆ ಬೀಳುತ್ತವೆ, ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪುಡಿಯ ನಂಬರ್, ಹಾಕಿದ ದಿನ, ತೆಗೆದ ದಿನ, ಕಲ್ಲಿನ ತೂಕ ಬರೆದಿಡು. ತೂಕ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದರೆ ದಿನ ಜಾಸ್ತಿಯಾಯಿತು ಎಂದು ತಿಳಿದುಕೊ, ಮುಂದಿನ ಸಲ ಕಡಿಮೆ ಮಾಡು.